ಅತ್ತೆ ಬಿಟ್ಟ ಅನ್ನ

ಹೋದ ಭಾನುವಾರ ನಮ್ಮತ್ತೆಯನ್ನು ಏಲಕ್ಕಿ ತೂಗುವ ತಕ್ಕಡಿಯಲ್ಲಿ ಕೂರಿಸಿ ತೂಗಿದೆವು.

ನಗಬೇಡಿ. (ನಕ್ಕರೂ ತಪ್ಪಿಲ್ಲ. ಅಲ್ಲಿದ್ದವರೆಲ್ಲ ನಕ್ಕರು.) ಬೋಡಿನಾಯಕನೂರಿನಲ್ಲಿ ನಮ್ಮ ಯಜಮಾನರದು ಏಲಕ್ಕಿ ಮಂಡಿ ಅಂತ ಈ ಅಂಕಣದ ಹಳೆಯ ಓದುಗರಿಗೆ ಗೊತ್ತು. ಅಲ್ಲಿ ತೊಲೆಗೆ ಸರಪಳಿ ಹಾಕಿ ತೂಗುಬಿಟ್ಟ ದೊಡ್ಡ ತಕ್ಕಡಿ ಇದೆ. ಒಂದೊಂದು ತಟ್ಟೆಯೂ ಹಸೆಮಣೆಯಷ್ಟು ಅಗಲ. ಭಾನುವಾರ ಮಂಡಿಗೆ ರಜಾ. ತಿಂಗಳಿಗೊಂದು ಭಾನುವಾರ ನನ್ನ ಮಗಳು ಚೆನ್ನಿಯನ್ನು ಅದರಲ್ಲಿ ಕೂರಿಸಿ ತೂಕ ನೋಡುತ್ತೇವೆ. ಡಾಕ್ಟರರ ಆಜ್ಞೆ. ಚೆನ್ನಿಗೋ ಅದು ಉಯ್ಯಾಲೆ.

ಈ ಸಲ ಅಜ್ಜಿಯೂ ಜೊತೆಗೆ ಬಂದಿದ್ದರು. ಚೆನ್ನಿ ಒಂದು ತಟ್ಟೆಯಲ್ಲಿ ಕೂತವಳು, ಎದುರಿನ ತಟ್ಟೆಯನ್ನು ಕೈಯಿಂದ ತಟ್ಟಿ ತಟ್ಟಿ ಅಜ್ಜಿಯನ್ನು ನೋಡಿದಳು. ಅವಳು ಮಾತಾಡುವುದು ಅಪರೂಪ, ಹಾಗೆ ತಟ್ಟಿದರೆ ‘ಇಲ್ಲಿ ಬಾ’ ಅಂತ ಅರ್ಥ. ಅತ್ತೆ ಸೆರಗು ಸಿಕ್ಕಿಸಿಕೊಂಡು ಹತ್ತಿಯೇಬಿಟ್ಟರು.

ಹತ್ತು ವರ್ಷದ ಮೊಮ್ಮಗಳ ತಟ್ಟೆ ಧಡ್ಡಂತ ನೆಲಕ್ಕಿಳಿಯಿತು. ಎಪ್ಪತ್ತು ದಾಟಿದ ಅಜ್ಜಿ ಗಾಳಿಯಲ್ಲಿ ಮೇಲೇರಿದರು.

ಬಾಕಿ ಕೆಲಸ ಮುಗಿಸಲು ಬಂದಿದ್ದ ಏಲಕ್ಕಿ ಆರಿಸುವ ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಗುಮಾಸ್ತರು ನಕ್ಕರು. ಅತ್ತೆ ಮೇಲಿನಿಂದಲೇ ಬೊಚ್ಚುಬಾಯಿ ತೆರೆದು ನಕ್ಕರು. ಚೆನ್ನಿ ಕೂಡ ಜೋರಾಗಿ ನಕ್ಕಳು. ನಮ್ಮ ಯಜಮಾನರು ನಗಲಿಲ್ಲ. ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ.

ಯಾಕೆಂದರೆ ಅತ್ತೆ ಅಷ್ಟು ಹಗುರವಾದದ್ದು ವಯಸ್ಸಿನಿಂದಲ್ಲ. ನನ್ನ ಒಂದು ಸುಳ್ಳಿನಿಂದ.

ಮೊದಲಿನಿಂದ ಹೇಳುತ್ತೇನೆ. ಚೆನ್ನಿ ಎಲ್ಲ ಮಕ್ಕಳಂತಲ್ಲ. ಮದ್ರಾಸಿನಲ್ಲಿ ಒಬ್ಬ ಡಾಕ್ಟರು ‘ಆಟಿಸ್ಟಿಕ್’ ಅಂತ ಒಂದು ಶಬ್ದ ಹೇಳಿದರು. ನಮ್ಮ ಬೋಡಿಯ ಡಾಕ್ಟರಿಗೆ ಬಂದು ಹೇಳಿದರೆ ಅವರು ಸ್ಪೆಲ್ಲಿಂಗ್ ಕೇಳಿದರು. ಅಷ್ಟು ಹೊಸ ಶಬ್ದ. ಊರಿನವರ ಹತ್ತಿರ ಅದಕ್ಕಿಂತ ಹಳೆಯ ಶಬ್ದಗಳಿವೆ, ಅವನ್ನು ಇಲ್ಲಿ ಬರೆಯಲಾರೆ.

ಚೆನ್ನಿ ತಿನ್ನುವುದು ಮೂರೇ ಪದಾರ್ಥ. ಇಡ್ಲಿ, ಸಕ್ಕರೆ, ಬಾಳೆಹಣ್ಣು. ಇಡ್ಲಿ ಬೆಳ್ಳಗಿರಬೇಕು. ಅಂಚು ನೆಗ್ಗಿದ ಅವಳ ಅಲ್ಯೂಮಿನಿಯಂ ತಟ್ಟೆಯಲ್ಲೇ ಇರಬೇಕು. ಒಂದಕ್ಕೊಂದು ತಾಗಿರಬಾರದು. ತಿನ್ನಲು ಕೂತರೆ ‘ಸಾಕು’ ಅನ್ನುವುದು ಅವಳಿಗೆ ಗೊತ್ತೇ ಇಲ್ಲ. ಹಾಕಿದಷ್ಟೂ ತಿನ್ನುತ್ತಾಳೆ. ಹಾಕದಿದ್ದರೆ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಾಳೆ. ಯುಗಾದಿಗೆ ಹೊಲಿಸಿದ ಫ್ರಾಕು ದೀಪಾವಳಿಗೆ ಏರುವುದಿಲ್ಲ. ‘ಅಳತೆ ಬೇಡಮ್ಮ, ಹೋದ ಸಲದ್ದಕ್ಕಿಂತ ನಾಲ್ಕು ಬೆರಳು ಜಾಸ್ತಿ ಇಡ್ತೀನಿ’ ಎನ್ನುತ್ತಾನೆ ಟೈಲರ್.

ನಾನೇನು ಸುಮ್ಮನೆ ಕೂತಿಲ್ಲ. ಹಿಟ್ಟಿಗೆ ನುಗ್ಗೆಸೊಪ್ಪು ಅರೆದು ಸೇರಿಸಿದೆ. ಹಸಿರು ಕಂಡು ಇಡ್ಲಿ ಹಿತ್ತಲಿಗೆ ಹಾರಿತು, ಮಗು ಮಾರನೇ ದಿನವೂ ಉಪವಾಸ. ಸಕ್ಕರೆ ಡಬ್ಬಿ ಅಟ್ಟದ ಮೇಲಿಟ್ಟೆ. ಕಿರುಚಾಟಕ್ಕೆ ಪಕ್ಕದ ಮನೆಯವರು ಓಡಿ ಬಂದರು. ‘ಬಲವಂತ ಮಾಡಬೇಡಿ, ಆದರೆ ತೂಕ ಕಂಟ್ರೋಲಿನಲ್ಲಿರಲಿ’ ಎಂದಿದ್ದರು ಮದ್ರಾಸಿನವರು. ಎರಡನ್ನೂ ಒಟ್ಟಿಗೆ ಮಾಡುವುದು ಹೇಗೆ? ಅದನ್ನು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಈಗ ಸುಳ್ಳಿನ ವಿಷಯಕ್ಕೆ ಬರುತ್ತೇನೆ.

ಮಾರ್ಕಯನ್‌ಕೋಟ್ಟೈಯಲ್ಲಿ ನಮ್ಮ ದೊಡ್ಡ ನಾದಿನಿಯ ಮನೆ. ಅವರ ಮೊಮ್ಮಗನಿಗೆ ಕಿವಿ ಚುಚ್ಚುವ ಸಮಾರಂಭ. ಅತ್ತೆಗೆ ಮಂಡಿನೋವು, ಮನೆಯಲ್ಲೇ ಉಳಿದರು. ನಾನು ಚೆನ್ನಿಯನ್ನು ಕರೆದುಕೊಂಡು ಹೋದೆ. ಬಿಟ್ಟು ಹೋದರೆ ‘ಮಗು ಎಲ್ಲಿ’ ಅಂತಾರೆ, ಕರೆದುಕೊಂಡು ಹೋದರೆ ‘ಮಗು ಯಾಕೆ ಹೀಗೆ’ ಅಂತಾರೆ. ಯಾವುದು ವಾಸಿ?

ಪಂಕ್ತಿಯಲ್ಲಿ ಎಲೆ ಹಾಕಿದರು. ಸೆರಗಿನಲ್ಲಿ ಇಡ್ಲಿ ಡಬ್ಬಿ ಬಚ್ಚಿಟ್ಟುಕೊಂಡಿದ್ದೆ. ತೆಗೆಯುವಷ್ಟರಲ್ಲಿ ಯಾರೋ ಪ್ರೀತಿಯಿಂದ ಚೆನ್ನಿಯ ಎಲೆಗೆ ಅನ್ನ ಬಡಿಸಿ ಸಾಂಬಾರು ಸುರಿದರು. ಸಾಂಬಾರು ಹರಿದು ಹಪ್ಪಳಕ್ಕೆ ತಾಗಿತು, ಪಾಯಸಕ್ಕೆ ತಾಗಿತು. ಚೆನ್ನಿ ಎರಡೂ ಕಿವಿ ಮುಚ್ಚಿಕೊಂಡು ಒಂದೇ ಸ್ವರದಲ್ಲಿ ಹೂಂಗುಟ್ಟತೊಡಗಿದಳು. ಆಮೇಲೆ ಕಾಲಿನಿಂದ ಎಲೆ ಒದ್ದಳು. ಪಾಯಸವೆಲ್ಲ ಬೀಗರ ಕಡೆಯ ಒಬ್ಬ ಹೆಂಗಸಿನ ರೇಷ್ಮೆ ಸೀರೆಯ ಮೇಲೆ.

‘ಒಡಂಬು ನೋಡಿದ್ರೆ ಇಷ್ಟು, ಎಲೆ ಮುಂದೆ ಬಿಗುಮಾನ ನೋಡಿದ್ರೆ ಅಷ್ಟು! ವೀಟ್ಟಿಲ ಏನ್ ತಿಂತಾಳೋ?’ ಎಂದರು ಆಕೆ, ಸೀರೆ ಕೊಡವುತ್ತಾ. (ಒಡಂಬು ಅಂದರೆ ಮೈ, ವೀಟ್ಟಿಲ ಅಂದರೆ ಮನೆಯಲ್ಲಿ. ಇಲ್ಲಿನ ನಮ್ಮವರ ಕನ್ನಡದಲ್ಲಿ ಕಾಲುಭಾಗ ತಮಿಳು. ಸಿಟ್ಟು ಬಂದಾಗ ಅರ್ಧ.)

‘ತಿನ್ನಿಸಿ ಬೆಳೆಸಿದ ತಾಯಿ ಪಕ್ಕದಲ್ಲೇ ಕೂತಿದ್ದಾಳಲ್ಲ, ಅವಳನ್ನೇ ಕೇಳು’ ಎಂದಿತು ಇನ್ನೊಂದು ದನಿ.

ಇಡೀ ಪಂಕ್ತಿ ನನ್ನ ಕಡೆ ತಿರುಗಿತು. ಆಗ ‘ನನ್ನ ಮಗು ಇರುವುದೇ ಹೀಗೆ’ ಅನ್ನಬಹುದಿತ್ತು. ನಾಲ್ಕೇ ಶಬ್ದ. ಬಾಯಿಗೆ ಬರಲಿಲ್ಲ.

‘ಹರಕೆ ಇದೆ’ ಎಂದುಬಿಟ್ಟೆ. ‘ಮನೆದೇವರ ಹರಕೆ. ಚೆನ್ನಿ ಅನ್ನ ಮುಟ್ಟೋ ಹಾಗಿಲ್ಲ. ಪಲಹಾರ ಮಾತ್ರ.’

ಪಂಕ್ತಿಗೆ ಪಂಕ್ತಿಯೇ ತಣ್ಣಗಾಯಿತು. ರೇಷ್ಮೆ ಸೀರೆಯವರು ಎರಡೂ ಕೆನ್ನೆ ಬಡಿದುಕೊಂಡು, ‘ಸಾಮೀ, ತಪ್ಪಾಯ್ತು’ ಎಂದು ಚೆನ್ನಿಯ ಕಾಲು ಮುಟ್ಟಿದರು! ನಾದಿನಿ ಓಡಿ ಬಂದು, ‘ಯಾವತ್ತಿನವರೆಗೂ ಹರಕೆ?’ ಎಂದರು.

ಸುಳ್ಳಿಗೆ ಒಂದು ಕೊನೆ ಬೇಕಲ್ಲ? ‘ಅವಳಾಗೇ ಅನ್ನ ಕೇಳಿ ಉಣ್ಣೋವರೆಗೂ’ ಎಂದೆ. ಹರಕೆ ಇರುವವಳು ಅನ್ನ ಕೇಳುವುದು ಹೇಗೆ ಅಂತ ನೀವು ಕೇಳಬೇಡಿ, ಅಲ್ಲಿ ಯಾರೂ ಕೇಳಲಿಲ್ಲ. ನನಗಂತೂ ಜಾಣತನ ಮಾಡಿದೆ ಅನ್ನಿಸಿತು. ಇನ್ನು ಯಾವ ಮನೆಯ ಎಲೆಯ ಮುಂದೆಯೂ ತಲೆ ತಗ್ಗಿಸಬೇಕಾಗಿಲ್ಲ ಅಂತ ಬಸ್ಸಿನಲ್ಲಿ ನೆಮ್ಮದಿಯಾಗಿ ಕೂತು ಬಂದೆ.

ನಾನು ಕೊಳ್ಳೇಗಾಲದವಳು. ಮದುವೆಯಾಗಿ ಈ ಕಡೆ ಬಂದವಳು. ಇವರ ಹಿರಿಯರು ಎಷ್ಟೋ ತಲೆಮಾರಿನ ಹಿಂದೆ ಕನ್ನಡನಾಡಿನಿಂದ ಬಂದು ಈ ಕಣಿವೆಯಲ್ಲಿ ಬೇರು ಬಿಟ್ಟವರು. ಮಾತು ಒಂದೇ ಅಂತ ಪದ್ಧತಿಯೂ ಒಂದೇ ಅಂದುಕೊಂಡೆ. ಅಲ್ಲೇ ಎಡವಿದ್ದು. ನಮ್ಮ ಕಡೆ ಹರಕೆ ಹೊತ್ತವರದು ಹೊತ್ತವರಿಗೆ. ಇಲ್ಲಿ ಮನೆದೇವರ ಹೆಸರಿನಲ್ಲಿ ಮಗುವಿಗೆ ಹರಕೆ ಹೊತ್ತರೆ, ಮನೆಯ ಹಿರಿಯ ಹೆಂಗಸೂ ಜೊತೆಗೆ ಹೊರಬೇಕು. ಮಗು ಬಿಟ್ಟದ್ದನ್ನು ಅವರೂ ಬಿಡಬೇಕು. ಇದು ನನಗೆ ತಿಳಿದದ್ದು ಮಾರನೇ ದಿನ.

ಬೆಳಗಿನ ಬಸ್ಸಿಗೇ ಸುದ್ದಿ ಬೋಡಿಗೆ ಬಂದಿತ್ತು. ಅತ್ತೆ ನನ್ನನ್ನು ಕರೆದರು. ಬೈಗುಳಕ್ಕೆ ತಯಾರಾಗಿಯೇ ಹೋದೆ.

‘ಸಾಮಿಗೆ ಹರಕೆ ಹೊತ್ತಿದ್ದೀಯ, ನಂಗೆ ಒಂದ್ ವಾರ್ತೆ ಹೇಳ್ಬಾರದಾ ತಾಯೀ?’ ಎಂದರು. ‘ಕೊಳಂದೆ ಒಂದೇ ಹೊರ್ತದಾ? ನಾನ್ ಎದಕ್ಕೆ ಇವ್ನಿ?’ (ಕೊಳಂದೆ ಅಂದರೆ ಮಗು.)

ಅವತ್ತು ಮಧ್ಯಾಹ್ನ ಬಡಿಸಿದ ಅನ್ನವನ್ನು ಹಾಗೇ ಅಡುಗೆಮನೆಗೆ ವಾಪಸ್ಸು ಕಳಿಸಿದರು. ‘ಇಡ್ಲಿ ಇದ್ರೆ ಹಾಕು’ ಎಂದರು.

ನಮ್ಮತ್ತೆ ಹುಟ್ಟಿದ್ದು ಚಿನ್ನಮನೂರಿನ ಗದ್ದೆ ಬಯಲಿನಲ್ಲಿ. ಬೆಂದ ಅನ್ನದ ಘಮದಿಂದಲೇ ಅಕ್ಕಿ ಹಳೆಯದೋ ಹೊಸದೋ ಹೇಳುವವರು. ಕೊನೆಗೊಂದು ತುತ್ತು ಮೊಸರನ್ನ ಉಣ್ಣದೆ ಎದ್ದದ್ದು ನಾನು ನೋಡಿಲ್ಲ. ರೇಷನ್ನಿನ ಸಕ್ಕರೆ ಮೊಮ್ಮಗಳಿಗೆ ಸಾಲದು ಅಂತ ಕಾಫಿಗೆ ಕರುಪಟ್ಟಿ ಅನ್ನುವ ತಾಳೆಬೆಲ್ಲ ಹಾಕಿಕೊಳ್ಳುವುದು ಮೊದಲೇ ರೂಢಿ ಮಾಡಿಕೊಂಡಿದ್ದರು. ಉಳಿದಿದ್ದ ಸುಖ ಅನ್ನ ಒಂದೇ. ಅದನ್ನೂ ಬಿಟ್ಟರು. ಯಾವ ಹರಕೆಗೆ? ನಾನು ಪಾಯಸದ ಕಲೆಗೆ ಹೆದರಿ ಹುಟ್ಟಿಸಿದ ಹರಕೆಗೆ!

ಸಂಜೆ ಯಜಮಾನರಿಗೆ ಎಲ್ಲ ಹೇಳಿದೆ. ‘ಅಮ್ಮನಿಗೆ ನಿಜ ಹೇಳಿಬಿಡು’ ಎಂದರು. ‘ನೀವೇ ಹೇಳಿ’ ಎಂದೆ. ‘ಗಂಟು ಹಾಕಿದವಳು ನೀನು, ಬಿಚ್ಚುವವಳೂ ನೀನೇ’ ಎಂದು ಮಂಡಿಗೆ ಹೋದರು. ನಾಳೆ ಹೇಳೋಣ ಅಂದುಕೊಂಡೆ. ನಾಳೆ ನಾಡಿದ್ದಾಯಿತು, ನಾಡಿದ್ದು ಮುಂದಿನ ವಾರವಾಯಿತು.

ಅಷ್ಟರಲ್ಲಿ ಇನ್ನೊಂದು ನಡೆಯಿತು. ಅದೇ ನನ್ನ ಬಾಯಿ ಪೂರಾ ಕಟ್ಟಿಹಾಕಿದ್ದು.

ಅತ್ತೆ ತಮ್ಮ ಇಡ್ಲಿ ತಟ್ಟೆ ತೆಗೆದುಕೊಂಡು ಹೋಗಿ ಚೆನ್ನಿಯ ಎದುರಿಗೆ ನೆಲದ ಮೇಲೆ ಕೂರತೊಡಗಿದರು. ಒಟ್ಟಿಗೆ ಹರಕೆ ಹೊತ್ತವರು ಒಟ್ಟಿಗೇ ತಿನ್ನಬೇಕಂತೆ. ಚೆನ್ನಿಯ ಹಾಗೆಯೇ ಇಡ್ಲಿಗಳನ್ನು ದೂರ ದೂರ ಇಟ್ಟುಕೊಂಡರು. ಅವಳ ಹಾಗೆಯೇ ಅಂಚಿನಿಂದ ಚೂರು ಚೂರು ಮುರಿದು ಸಕ್ಕರೆಗೆ ಮುಟ್ಟಿಸಿ ತಿಂದರು. ‘ತಿನ್ನು’ ಅನ್ನಲಿಲ್ಲ, ‘ಬೇಡ’ ಅನ್ನಲಿಲ್ಲ. ಎರಡು ಇಡ್ಲಿಗೇ ಹೊಟ್ಟೆ ತುಂಬಿತು ಅಂತ ತಟ್ಟೆ ಪಕ್ಕಕ್ಕೆ ಸರಿಸಿ, ಹೊಟ್ಟೆ ಸವರಿಕೊಂಡು ‘ಪೋದುಂ’ ಎಂದರು. ತಮಿಳಿನಲ್ಲಿ ‘ಸಾಕು’.

ಚೆನ್ನಿ ಮೊದಮೊದಲು ಕಣ್ಣಂಚಿನಲ್ಲಿ ನೋಡಿದಳು. ಆಮೇಲೆ ಅಜ್ಜಿ ಬಂದು ಕೂರುವವರೆಗೂ ಇಡ್ಲಿ ಮುಟ್ಟದಾದಳು. ಒಂದು ದಿನ ಅಜ್ಜಿ ತಟ್ಟೆ ಸರಿಸಿದರು. ಚೆನ್ನಿ ತನ್ನ ತಟ್ಟೆ ನೋಡಿದಳು, ಅದರಲ್ಲಿನ್ನೂ ಇಡ್ಲಿ ಇತ್ತು. ಅದನ್ನು ಪಕ್ಕಕ್ಕೆ ಸರಿಸಿ, ಆ ದಪ್ಪ ಹೊಟ್ಟೆಯನ್ನು ಅಜ್ಜಿಯಂತೆಯೇ ಸವರಿಕೊಂಡು, ‘ಪೋದುಂ’ ಎಂದಳು.

ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ನಾನು ಅತ್ತುಬಿಟ್ಟೆ. ಹತ್ತು ವರ್ಷದಲ್ಲಿ ಅವಳು ಒಮ್ಮೆಯೂ ಆಡದ ಶಬ್ದ ಅದು. ಡಾಕ್ಟರು, ನುಗ್ಗೆಸೊಪ್ಪು, ಅಟ್ಟದ ಮೇಲಿನ ಡಬ್ಬಿ ಯಾವುದೂ ಹೇಳಿಸಲಾರದೆ ಹೋದದ್ದು.

ಅತ್ತದ್ದು ಸಂತೋಷಕ್ಕೆ ಅಂದುಕೊಂಡರು ಅತ್ತೆ. ಅರ್ಧ ನಿಜ. ಇನ್ನರ್ಧ ನಾಚಿಕೆ. ಸುಳ್ಳು ಹೇಳಿದ್ದಕ್ಕೆ ಮಾತ್ರವಲ್ಲ. ಈ ಹತ್ತು ವರ್ಷ ನಾನು ಚೆನ್ನಿಗೆ ಇಡ್ಲಿ ಬೇಯಿಸಿದ್ದೇನೆ, ಎಣಿಸಿದ್ದೇನೆ, ಬಚ್ಚಿಟ್ಟಿದ್ದೇನೆ, ಕಿತ್ತುಕೊಂಡಿದ್ದೇನೆ. ಎದುರಿಗೆ ಕೂತು ಅವಳು ತಿಂದದ್ದನ್ನೇ ಒಂದು ಹೊತ್ತು ತಿಂದದ್ದಿಲ್ಲ. ಹೊಳೆಯಲೇ ಇಲ್ಲ. ಮಗುವಿನ ತೂಕ ನೋಡುವುದರಲ್ಲೇ ಮುಳುಗಿದ್ದೆ. ಒಂಟಿಯಾಗಿ ತಿನ್ನುವ ಮಗು ಯಾರನ್ನು ನೋಡಿ ‘ಸಾಕು’ ಕಲಿಯಬೇಕು? ನಾವು ಮಕ್ಕಳ ತಟ್ಟೆಗೆ ಕಾವಲು ಕೂರುತ್ತೇವೆ, ಜೊತೆಗೆ ಕೂರುವುದನ್ನು ಮರೆಯುತ್ತೇವೆ. ನಿಮ್ಮ ಮನೆಯಲ್ಲಿ ಹೇಗೋ ಗೊತ್ತಿಲ್ಲ.

ಹೀಗೆ ತಿಂಗಳುಗಟ್ಟಲೆ ಕಳೆಯಿತು, ಆ ಭಾನುವಾರ ಬಂತು. ಅತ್ತೆಯನ್ನು ತಕ್ಕಡಿಯಿಂದ ಇಳಿಸುವಾಗ ಅವರ ರಟ್ಟೆ ಹಿಡಿದೆ. ಕೈಗೆ ಬರೀ ಮೂಳೆ ಸಿಕ್ಕಿತು. ಆಮೇಲೆ ಯಜಮಾನರು ಎದುರಿಗೆ ಕಲ್ಲಿಟ್ಟು ಚೆನ್ನಿಯನ್ನು ಸರಿಯಾಗಿ ತೂಗಿದರು. ಹೋದ ತಿಂಗಳಿಗಿಂತ ಒಂದಿಷ್ಟು ಇಳಿದಿದ್ದಳು. ಇಳಿದದ್ದು ಇದೇ ಮೊದಲು.

ಅತ್ತೆ ನನ್ನ ಗಲ್ಲ ಹಿಡಿದುಕೊಂಡರು. ‘ಪಾತ್ತಿಯಾ, ನೋಡ್ದಾ ತಾಯೀ? ಸಾಮಿ ಕಣ್ಣು ಬಿಡ್ತಾವನೆ. ಒಳ್ಳೇ ಹರಕೆ ಹೊತ್ತೆ ನೀನು. ಅವಳು ಅನ್ನ ಕೇಳಲಿ, ನಾನೂ ಅವಳೂ ಒಂದೇ ಎಲೆಯಲ್ಲಿ ಉಣ್ತೀವಿ.’

ನಾನು ‘ಹೂಂ’ ಎಂದೆ. ‘ಹೂಂ’ ಎಂದೆ ಕಣ್ರೀ! ಆಗಲೂ!

ಚೆನ್ನಿ ಅನ್ನ ಕೇಳುವುದು ಯಾವಾಗ? ಕೇಳುತ್ತಾಳೋ ಇಲ್ಲವೋ ಮದ್ರಾಸಿನವರಿಗೂ ಗೊತ್ತಿಲ್ಲ. ಅಲ್ಲಿಯವರೆಗೆ ಈ ಮುದುಕಿ ಅನ್ನವಿಲ್ಲದೆ ಇರಬೇಕೇ? ನಿಜ ಹೇಳಿದೆ ಅನ್ನಿ, ಅತ್ತೆ ಅನ್ನಕ್ಕೆ ಮರಳುತ್ತಾರೆ. ಆಮೇಲೆ ಚೆನ್ನಿಯ ಎದುರಿಗೆ ಕೂರುತ್ತಾರೋ, ಇಲ್ಲ ಮನಸ್ಸು ಮುರಿದು ದೂರ ಕೂರುತ್ತಾರೋ? ಅವರ ಜಾಗಕ್ಕೆ ನಾನು ಕೂತರೆ ಚೆನ್ನಿ ಒಪ್ಪುತ್ತಾಳೋ? ಮೊನ್ನೆ ಕೂತು ನೋಡಿದೆ. ತಟ್ಟೆ ಎತ್ತಿಕೊಂಡು ಗೋಡೆ ಕಡೆ ತಿರುಗಿದಳು. ಕಾವಲಿನವಳು ಬಂದಳು ಅಂದುಕೊಂಡಿರಬೇಕು. ನಾನು ಎದ್ದು ಬರಲಿಲ್ಲ, ಅವಳ ಬೆನ್ನನ್ನೇ ನೋಡುತ್ತಾ ಇಡ್ಲಿ ತಿಂದೆ. ನಾಳೆಯೂ ಕೂರುತ್ತೇನೆ.

ಒಂದು ವಿಷಯ ಹೇಳುವುದು ಬಾಕಿ ಇದೆ. ನಮ್ಮ ಮನೆಯಲ್ಲಿ ಎಲ್ಲರೂ ಕನ್ನಡ ಆಡುತ್ತಾರೆ, ಓದಲು ನನ್ನನ್ನು ಬಿಟ್ಟು ಯಾರಿಗೂ ಬಾರದು. ಓದು ಬರಹವೆಲ್ಲ ತಮಿಳು. ಅತ್ತೆಗೆ ಅದೂ ಇಲ್ಲ. ಇಷ್ಟು ದೊಡ್ಡ ತಪ್ಪನ್ನು ಇಷ್ಟು ಧೈರ್ಯವಾಗಿ ಬರೆದಳಲ್ಲ ಅಂತ ನೀವು ಮೆಚ್ಚಿಕೊಳ್ಳುತ್ತಿದ್ದರೆ ದಯವಿಟ್ಟು ಬೇಡ. ನೀವೆಲ್ಲ ದೂರದವರು. ಪಾಯಸ ಬಿದ್ದದ್ದು ನಿಮ್ಮ ಸೀರೆಯ ಮೇಲಲ್ಲ, ಅನ್ನ ಬಿಟ್ಟವರೂ ನೀವಲ್ಲ. ನಿಮಗೆ ಹೇಳುವುದು ಸುಲಭ.

ಆದರೆ ಪತ್ರಿಕೆ ಪೋಸ್ಟಿನಲ್ಲಿ ಬಂದ ದಿನ ಅತ್ತೆ ಜಗುಲಿಯ ಮೇಲೆ ಕಾಲು ನೀಡಿ ಕೂತು, ‘ಓದು ತಾಯೀ, ಈ ವಾರ ಏನ್ ಬರ್ದಿದ್ದೀಯ?’ ಎನ್ನುತ್ತಾರೆ. ಒಂದು ವಾರವೂ ತಪ್ಪಿಸಿದವರಲ್ಲ. ಇಷ್ಟು ವರ್ಷ ಅವರಿಗೆ ಒಂದಕ್ಷರ ಬಿಡದೆ ಓದಿ ಹೇಳಿದ್ದೇನೆ.

ಈ ವಾರ ಏನು ಓದಲಿ?