ಬದುವಿನ ಕವಳಿ ಕಂಟಿ

ಕವಳಿ ಒಂದು ಮುಳ್ಳಿನ ಕಂಟಿ. ದಿಗ್ಗೇವಾಡಿಯ ಕಡೆಗಿನ ನಮ್ಮ ಹೊಲದ ಬದುವಿನಲ್ಲಿ ಯಾರೂ ನೆಡದೆ, ಯಾರೂ ನೀರು ಹಾಕದೆ ಬೆಳೆದಿತ್ತು. ಬೇಸಿಗೆಯಲ್ಲಿ ಅದರ ಹಸಿರು ಕಾಯಿ ಕಿತ್ತು, ಅಂಗೈಗೆ ಎಣ್ಣೆ ಸವರಿಕೊಂಡು ಹೆಚ್ಚುವುದನ್ನು ಅತ್ತೆ ನನಗೆ ಕಲಿಸಿದ್ದರು. ಇಲ್ಲದಿದ್ದರೆ ಹಾಲಿನಂಥ ಅಂಟು ಬೆರಳು ಬಿಡುವುದಿಲ್ಲ. ಒಂದಿಷ್ಟು ಕಾಯಿ ಹಸಿಮೆಣಸಿನಕಾಯಿ, ಬೆಳ್ಳುಳ್ಳಿಯೊಡನೆ ಚಟ್ನಿಗೆ, ಉಳಿದದ್ದು ಉಪ್ಪಿನಕಾಯಿಗೆ. ಹಣ್ಣಾಗಿ ಕಪ್ಪಾದವು ಮನೆಯವರೆಗೆ ಬರುತ್ತಲೇ ಇರಲಿಲ್ಲ, ಬದುವಿನ ಮೇಲೇ ಮುಗಿಯುತ್ತಿದ್ದವು.

ಆ ವರ್ಷ ಭಾವನವರು, ಅಂದರೆ ನನ್ನ ಗಂಡನ ಅಣ್ಣ, ಬದು ತೆಗೆಸಿ ಇನ್ನೊಂದು ಸಾಲು ಕಬ್ಬು ಹಚ್ಚಲು ಜೆಸಿಬಿ ಗೊತ್ತು ಮಾಡಿದರು. "ಪ್ಯಾಟ್ಯಾಗ ಬಾಟ್ಲಿ ಉಪ್ಪಿನಕಾಯಿ ಸಿಗತಾವಲ್ಲ" ಎಂದು ಅವರು ಅತ್ತೆಗೆ ಹೇಳಿದ್ದು ಅಡುಗೆಮನೆಗೂ ಕೇಳಿಸಿತು. ಅವರು ನನಗೆ ನೇರವಾಗಿ ಹೇಳುವಂತಿರಲಿಲ್ಲ. ನಮ್ಮ ಮನೆತನದಲ್ಲಿ ಭಾವ ತಮ್ಮನ ಹೆಂಡತಿಯೊಡನೆ ಮಾತಾಡುವುದಿಲ್ಲ. ಅವಳೂ ತಲೆಯ ಮೇಲೆ ಸೆರಗೆಳೆದು ಸರಿದು ನಿಲ್ಲಬೇಕು. ಮದುವೆಯಾದಾಗಿನಿಂದ ನಾನು ಸರಿದೇ ನಿಂತಿದ್ದೆ. ಕಾನ್ವೆಂಟಿನಲ್ಲಿ ಕಲಿತರೂ ದನಿ ಎತ್ತದ ಹುಡುಗಿ ಎಂದೇ ನನ್ನನ್ನು ಒಪ್ಪಿದ್ದರು.

ಮರುದಿನ ಜೆಸಿಬಿಗಿಂತ ಮೊದಲೇ ಬುಟ್ಟಿ ಹಿಡಿದು ಕಂಟಿಯ ಬುಡದಲ್ಲಿ ಕುಳಿತೆ. ಯಂತ್ರ ಬಂತು. ಭಾವನವರು ದೂರದಲ್ಲೇ ನಿಂತು, ಮುಖವನ್ನು ಕಬ್ಬಿನ ಕಡೆ ತಿರುಗಿಸಿ, ಡ್ರೈವರನಿಗೆ ಹೇಳಿದರು: "ಏಳಾಕ ಹೇಳಪಾ ಅವರಿಗೆ."

"ಅಕ್ಕಾರ, ಏಳಬೇಕಂತ್ರಿ."

"ಕಾಯಿ ಇನ್ನೂ ಅದಾವಂತ ಹೇಳಪಾ" ಎಂದೆ.

"ಎಷ್ಟ ಹೊತ್ತಂತ ಕೇಳು" ಎಂದರು ಭಾವ.

"ಕಾಯಿ ತೀರೂತನಕಾ ಅಂತ ಹೇಳು."

ಡ್ರೈವರ್ ಇಂಜಿನ್ ಆರಿಸಿ ತಲೆ ಕೆರೆದುಕೊಂಡ. "ಇಬ್ಬರಿಗೂ ಕೇಳಾಕತ್ತೈತಲ್ರಿ! ನಡುವ ನಾ ಏನ್ ಮೊಬೈಲ್ ಏನ್ರಿ?"

ಮುಳ್ಳಿಗೆ ಸಿಕ್ಕಿ ನನ್ನ ಸೆರಗು ತಲೆಯಿಂದ ಜಾರಿತು. ಮತ್ತೆ ಹೊದ್ದುಕೊಳ್ಳಲಿಲ್ಲ. ಕೊನೆಗೆ ಭಾವನವರೇ ಈ ಕಡೆ ತಿರುಗಿದರು. ಅಷ್ಟು ವರ್ಷಗಳಲ್ಲಿ ನನಗೆಂದೇ ಅವರು ಆಡಿದ ಮೊದಲ ಮಾತು: "ಏಳವಾ."

"ಏಳೂದಿಲ್ರಿ" ಎಂದೆ, ಅವರ ಮುಖ ನೋಡಿಯೇ. "ವರ್ಷಪೂರ್ತಿ ನೀವು ರೊಟ್ಟಿಗೆ ಹಚ್ಕೊಂಡ ತಿನ್ನೂದು ಇದರ ಉಪ್ಪಿನಕಾಯಿ. ಒಂದ ಸಾಲ ಕಬ್ಬಿಗೆ ಇದನ್ನ ಕೀಳಸಾಕ ನಾ ಬಿಡೂದಿಲ್ಲ."

ಕೈ ಹಿಡಿದು ಎಬ್ಬಿಸುವಂತಿಲ್ಲ; ತಮ್ಮನ ಹೆಂಡತಿಯನ್ನು ಬೈದು ಅವರಿಗೆ ರೂಢಿಯೂ ಇಲ್ಲ. "ಏನ್ ನೋಡಾಕತ್ತೀಲೇ, ಆ ಮಗ್ಗಲಿಗೆ ಹೊಡಿ ಗಾಡಿ!" ಎಂದು ಡ್ರೈವರನ ಮೇಲೆ ರೇಗಿ ನಡೆದುಬಿಟ್ಟರು.

ಮಧ್ಯಾಹ್ನ ಊಟಕ್ಕೆ ಬಂದ ಗಂಡ, "ಅಣ್ಣಗ ಎದುರ ಮಾತಾಡೀದಿ. ತಪ್ಪಾತು ಅಂತ ಹೇಳಿ ಬಾ" ಎಂದರು.

"ತಪ್ಪು ಆಗಿಲ್ರಿ" ಎಂದು ರೊಟ್ಟಿ ಬಡಿಯುವುದನ್ನು ಮುಂದುವರಿಸಿದೆ.

ಕಂಟಿ ಇನ್ನೂ ನಿಂತಿದೆ. ಗಂಡ ಹೇಳೆಂದ ಮಾತನ್ನು ನಾನು ಭಾವನವರಿಗೆ ಇಂದಿಗೂ ಹೇಳಿಲ್ಲ.