‘ತೆಗೆ’ ಎಂಬ ಬಟನ್

ಮ್ಯಾಕ್ವೆರಿ ಪಾರ್ಕಿನ ಆಫೀಸಿನಲ್ಲಿ ನಾನು ಕಂಡ ಮೊದಲ ಕನ್ನಡಕ್ಕೆ ಅಕ್ಷರಗಳೇ ಇರಲಿಲ್ಲ. ಸಾಲುಸಾಲಾಗಿ ಖಾಲಿ ಚೌಕಗಳು. "ಇದು ನಿನ್ನ ಭಾಷೆಯಂತೆ, ಓದು ನೋಡೋಣ" ಎಂದು ಮ್ಯಾನೇಜರ್ ಗ್ರೆಗ್ ಪರದೆಯನ್ನು ನನ್ನತ್ತ ತಿರುಗಿಸಿದ. ಸಿಡ್ನಿಗೆ ಬಂದು ಕೆಲಸಕ್ಕೆ ಸೇರಿದ ಮೊದಲ ವಾರ ಅದು. ಹುಬ್ಬಳ್ಳಿಯಲ್ಲಿ ಹುಟ್ಟಿ, ಅಲ್ಲೇ ಓದಿದವಳು ಕನ್ನಡ ಓದಲಾಗುತ್ತಿಲ್ಲ ಎಂದು ತಲೆಯಾಡಿಸಬೇಕಾಯಿತು. ಆ ಕಂಪ್ಯೂಟರಿನಲ್ಲಿ ಕನ್ನಡದ ಫಾಂಟ್ ಇರಲಿಲ್ಲ, ಅಷ್ಟೇ ಸಂಗತಿ. ಆದರೂ ಮನಸ್ಸಿಗೆ ಪಿಚ್ಚೆನಿಸಿತು.

ನಮ್ಮ ಕಂಪನಿಯದು ಒಂದು ಡೆಸ್ಕ್‌ಟಾಪ್ ಅಪ್ಲಿಕೇಶನ್. ಹಗಲು ಹೊತ್ತಿನಲ್ಲಿ ಹಿರಿಯರನ್ನು ನೋಡಿಕೊಳ್ಳುವ ಕೇಂದ್ರಗಳು ಅದನ್ನು ಬಳಸುತ್ತವೆ. ಯಾರು ಬಂದಿದ್ದಾರೆ, ಯಾರಿಗೆ ಯಾವ ಮಾತ್ರೆ, ಯಾರು ಏನು ತಿನ್ನಬಾರದು ಎಂಬುದೆಲ್ಲ ಅದರಲ್ಲಿರುತ್ತದೆ. ಅದಕ್ಕೆ ಭಾಷೆ ಬದಲಿಸುವ ಸೌಲಭ್ಯ ಸೇರಿಸುವುದು ನನ್ನ ಕೆಲಸ. ಮೂಲೆಯ ಮೆನುವಿನಲ್ಲಿ ಬೇಕಾದ ಭಾಷೆ ಆರಿಸಿದರೆ, ಮುಚ್ಚಿ ಮತ್ತೆ ಶುರು ಮಾಡುವ ಗೋಜಿಲ್ಲದೆ ಇಡೀ ಪರದೆ ಆ ಭಾಷೆಗೆ ತಿರುಗಬೇಕು. ಗ್ರೀಕ್, ವಿಯೆಟ್ನಾಮೀಸ್, ಹಿಂದಿಯ ಜೊತೆ ಕನ್ನಡವೂ ಇತ್ತು. ಕನ್ನಡ ಬೇಕೆಂದು ಕೇಳಿದ್ದು ಮಾತ್ರ ಮೆಲ್ಬರ್ನಿನ ಪಾಯಿಂಟ್ ಕುಕ್‌ನ ಒಂದೇ ಒಂದು ಕೇಂದ್ರ. "ಒಂದು ಸಲ ತೊಂದರೆಯಾದರೂ ಕನ್ನಡ ಮೆನುವಿನಿಂದ ಹೊರಗೆ" ಎಂದು ಗ್ರೆಗ್ ಮೊದಲೇ ಹೇಳಿದ್ದ.

ಸಿಡ್ನಿಯ ಗಿರಾವೀನ್‌ನಲ್ಲಿ ನಮ್ಮ ಬಾಡಿಗೆ ಮನೆ. ಅಲ್ಲಿನ ಅಂಗಡಿಗಳಲ್ಲಿ ತೆಲುಗು, ತಮಿಳು, ಗುಜರಾತಿ ಎಲ್ಲ ಕಿವಿಗೆ ಬೀಳುತ್ತವೆ, ಕನ್ನಡಕ್ಕೆ ಮಾತ್ರ ಕಾಯಬೇಕು. ಹುಬ್ಬಳ್ಳಿಯಲ್ಲಿ ಓಣಿ ದಾಟುವುದರೊಳಗೆ ನಾಲ್ಕು ಜನ "ಆರಾಮ ಏನವಾ" ಎನ್ನುತ್ತಿದ್ದರು. ಇಲ್ಲಿ ಬಸ್ಸಿಳಿಯುವವರೆಲ್ಲ ಡ್ರೈವರ್‌ಗೆ ಥ್ಯಾಂಕ್ಸ್ ಹೇಳುತ್ತಾರೆ, ಪಕ್ಕದ ಮನೆಯವರು ನನ್ನ ಹೆಸರು ಕೇಳಿಲ್ಲ. ಆಫೀಸಿನ ಇಂಗ್ಲಿಷಂತೂ ಬೇರೆಯೇ. "ಆರ್ವೋ ಒಳಗೆ ಮುಗಿಸು" ಎಂದಾಗ, ಆರ್ವೋ ಯಾವುದೋ ಸಾಫ್ಟ್‌ವೇರ್ ಇರಬೇಕೆಂದು ಹುಡುಕಾಡಿದೆ. ಇವರ ಬಾಯಲ್ಲಿ ಮಧ್ಯಾಹ್ನಕ್ಕೆ ಆ ಹೆಸರು. ಹೀಗಿರುವಾಗ ಸಂಬಳ ಕೊಟ್ಟು ಕನ್ನಡ ಬರೆಸುತ್ತಾರೆಂದರೆ ಯಾರಿಗುಂಟು ಯಾರಿಗಿಲ್ಲ! ಪರದೆಯ ಮೇಲಿನ ಪ್ರತಿ ಮಾತನ್ನೂ ನಾನೇ ಕೂತು ಕನ್ನಡಕ್ಕೆ ತಂದೆ.

ಅದನ್ನು ಹಾಕಿಕೊಡಲು ಮೆಲ್ಬರ್ನಿಗೆ ಹೋದೆ. ಸಿಡ್ನಿಯ ಏರುತಗ್ಗಿಗೆ ಹೊಂದಿಕೊಂಡಿದ್ದ ಕಣ್ಣಿಗೆ ಫ್ರೀವೇ ಆಚೆಯ ಬಯಲು ನಮ್ಮ ಕಡೆಯ ಎರೆಹೊಲದಂತೆ ಕಂಡಿತು. ಕೇಂದ್ರದಲ್ಲಿ ಕಂಪ್ಯೂಟರ್ ಮುಂದೆ ಕೂರುವವರು ಶಾರದಾ ಆಂಟಿ. ಮೈಸೂರಿನವರು, ಮಗಳ ಜೊತೆ ಇರಲು ಬಂದವರು. ಇಂಗ್ಲಿಷ್ ಓದುವುದು ನಿಧಾನವೆಂದು ಕಮಿಟಿಯವರು ಆ ಜಾಗವನ್ನು ಬೇರೆಯವರಿಗೆ ಕೊಡಲು ಹೊರಟಾಗ, ಕನ್ನಡ ತರಿಸಿ ಎಂದು ಹಟ ಹಿಡಿದವರು ಇವರೇ.

"ಈ ಮೇಜು ಹೋದ್ರೆ ನಾನು ಮತ್ತೆ ಮನೇಲಿ ಕೂತು ಡಿಶ್‌ವಾಷರ್ ಕಾಯ್ಬೇಕು ಕಣಮ್ಮ" ಎಂದರು.

ನಾನು ಮೆನುವಿನಲ್ಲಿ ಕನ್ನಡ ಆರಿಸಿದೆ. ಪರದೆ ಪೂರಾ ತಿರುಗಿತು. ಆಂಟಿ ಕನ್ನಡಕ ಏರಿಸಿಕೊಂಡು ಒಂದೊಂದೇ ಪದವನ್ನು ಗಟ್ಟಿಯಾಗಿ ಓದಿದರು. ಊಟದ ಹೊತ್ತಾಗುತ್ತಿತ್ತು. ಬಡಿಸುವ ಮುನ್ನ ಯಾರಿಗೆ ಏನು ಆಗದು ಎಂದು ಅವರು ನೋಡಿ ಹೇಳಬೇಕು. ಅವರನ್ನು ಬಿಟ್ಟು ನಾನು ಕಾಫಿ ತರಲು ಹೋದೆ.

"ಇದ್ಯಾಕಮ್ಮ ತೆಗೀತಾನೇ ಇಲ್ಲ?" ಆಂಟಿಯ ದನಿ ಕೇಳಿ ಬಂದು ನೋಡುತ್ತೇನೆ, ಅರ್ಧಕ್ಕರ್ಧ ಹೆಸರುಗಳು ಮಾಯ.

"ನಿಲ್ಲಿಸ್ರಿ ಆಂಟಿ! ಒತ್ತಬ್ಯಾಡ್ರಿ!"

ಪ್ರತಿ ಹೆಸರಿನ ಪಕ್ಕ ‘ತೆಗೆ’ ಎಂಬ ಬಟನ್ ಇತ್ತು. ಇಂಗ್ಲಿಷಿನ ‘ರಿಮೂವ್’ಗೆ ನಾನು ಬರೆದ ಪದ. ಹೆಸರಿನ ವಿವರ ನೋಡಲು ಆಂಟಿ ಅದನ್ನು ಒತ್ತಿದ್ದರು, ಬಾಗಿಲು ತೆಗೆ ಎನ್ನುವಂತೆ. ‘ನಿಜವಾಗಿಯೂ ತೆಗೆಯಬೇಕೇ?’ ಎಂದು ಕಂಪ್ಯೂಟರ್ ಕೇಳಿದಾಗಲೂ, ತೆಗೆಯಲೆಂದೇ ತಾನೆ ಒತ್ತಿದ್ದು ಎಂದು ಹೌದು ಎಂದಿದ್ದರು. ನಾನು ಬರೆದದ್ದು ಕನ್ನಡವೇ, ಆದರೆ ಇಂಗ್ಲಿಷ್ ಓದುತ್ತ ಬರೆದದ್ದು. ಅವರ ಮುಂದೆ ಕನ್ನಡ ಬಿಟ್ಟು ಇನ್ನೇನೂ ಇರಲಿಲ್ಲ.

ಒಳಗಿನಿಂದ ತಟ್ಟೆಗಳ ಸದ್ದು. ಅಂದಿನ ಊಟಕ್ಕೆ ಶೇಂಗಾ ಚಟ್ನಿ ಇತ್ತು. "ಕಡ್ಲೆಕಾಯಿ ಆಗದವರು ಒಬ್ಬರಿದ್ದಾರೆ, ಈ ವಾರ ಸೇರಿದವರು. ಕೇಳಿದ್ರೆ ಹೇಳೋಷ್ಟು ನೆನಪು ಅವ್ರಿಗಿಲ್ಲ, ಯಾರು ಅಂತ ಅದರಲ್ಲೇ ಇತ್ತು" ಎಂದರು ಆಂಟಿ, ಮುಖ ಬಿಳಚಿಕೊಂಡು. ನಾನು ಅಡುಗೆಮನೆಗೆ ಓಡಿದೆ. ಬಡಿಸುವವರು ಎತ್ತಿದ್ದ ಸೌಟನ್ನು ಅವರ ಕೈಯಿಂದ ಕಸಿದುಕೊಂಡೆನೋ ಏನೋ, ನನಗೆ ನೆನಪಿಲ್ಲ. ಊಟ ನಿಂತಿತು. ಹಿರಿಯರು ಖಾಲಿ ತಟ್ಟೆಯ ಮುಂದೆ ಕುಳಿತು ನನ್ನನ್ನೇ ನೋಡುತ್ತಿದ್ದರು. ಅಷ್ಟು ಹೆದರಿಕೆ ನನಗೆ ಈ ದೇಶಕ್ಕೆ ಬರುವಾಗಲೂ ಆಗಿರಲಿಲ್ಲ.

ಆ ಪಟ್ಟಿಯ ಹಿಂದಿನ ದಿನದ ಪ್ರತಿ ಸಿಡ್ನಿಯ ಆಫೀಸಿನಲ್ಲಿತ್ತು. ಗ್ರೆಗ್‌ಗೆ ಹೇಳದೆ ಅದು ಸಿಗುವಂತಿರಲಿಲ್ಲ. ಮಾತುಮಾತಿಗೂ "ನೋ ವರೀಸ್", ಅಂದರೆ ಚಿಂತೆ ಬೇಡ, ಎನ್ನುವ ಮನುಷ್ಯ ಅವತ್ತು ಅದನ್ನು ಹೇಳಲಿಲ್ಲ. ಹೆಸರುಗಳು ಒಂದೊಂದೇ ಮರಳಿದವು. ಆ ಒಬ್ಬರನ್ನು ಬಿಟ್ಟು ಉಳಿದವರಿಗೆ ಚಟ್ನಿ ಬಡಿಸಿದರು. ಆಮೇಲೆ ಗ್ರೆಗ್ ವಿಡಿಯೋದಲ್ಲಿ ಬಂದ.

"ಅವರನ್ನೇ ಕೇಳು. ಆಗಿದ್ದೇನು? ಕನ್ನಡ ತೆಗೆದುಬಿಡೋಣವೇ?"

ಕೇಳಿದೆ. ಆಂಟಿ ನನ್ನ ಮೊಣಕೈ ಹಿಡಿದು ದನಿ ತಗ್ಗಿಸಿದರು. "ಕೈತಪ್ಪಿ ಒತ್ಬಿಟ್ಟೆ, ತಪ್ಪು ನಂದೇ ಅಂತ ಹೇಳಮ್ಮ. ನನ್ನ ಮೇಜು ಹೋದ್ರೆ ಹೋಗ್ಲಿ. ಕನ್ನಡ ಇರ್ಲಿ."

ನಾನು ಗ್ರೆಗ್‌ನತ್ತ ತಿರುಗಿ ಇಂಗ್ಲಿಷಿನಲ್ಲಿ ಹೇಳಿದೆ: "ಪದವನ್ನು ಸರಿಯಾಗಿಯೇ ಓದಿದೆ ಅನ್ನುತ್ತಾರೆ. ಪದವೇ ತಪ್ಪು. ಅದನ್ನು ಬರೆದವಳು ನಾನು."

"ಪದ ಬದಲಿಸು" ಎಂದ ಗ್ರೆಗ್. "ಇನ್ನು ಮೇಲೆ ಅವರು ಓದಿ ಒಪ್ಪಿದ ಕನ್ನಡವಷ್ಟೇ ಹೊರಗೆ ಹೋಗಲಿ. ನಿನ್ನ ವಿಷಯ ಸಿಡ್ನಿಗೆ ಬಂದ ಮೇಲೆ ಮಾತಾಡೋಣ."

ಪರದೆ ಕಪ್ಪಾದ ಮೇಲೆ ಆಂಟಿ ನನ್ನನ್ನು ದಿಟ್ಟಿಸಿದರು. "ನಾನು ಹೇಳಿದ್ದು ಅದಲ್ವಲ್ಲಮ್ಮ. ಅಷ್ಟು ಇಂಗ್ಲಿಷ್ ನನಗೂ ಬರುತ್ತೆ."

ಸಿಡ್ನಿಯಲ್ಲಿ ಬೈಸಿಕೊಂಡೆ. ಕೆಲಸ ಉಳಿಯಿತು. ಅಳಿಸುವ ಕಡೆ ‘ಅಳಿಸು’, ನೋಡುವ ಕಡೆ ‘ತೆರೆ’ ಎಂದು ಬರೆದು ಆಂಟಿಗೆ ಕಳಿಸಿದೆ. ಅವರು ಫೋನ್ ಮಾಡಿದರು.

"ಅಳಿಸು ಸರಿ ಇದೆ. ಆದ್ರೆ ತೆರೆ ಅಂತ ನಮ್ಮನೇಲಿ ಯಾರೂ ಅನ್ನಲ್ವಲ್ಲಮ್ಮ. ತೆಗಿ ಅಂತೀವಿ."

"ನಮ್ಮ ಮನ್ಯಾಗೂ ತೆಗಿ ಅಂತನ ಅಂತೀವ್ರಿ, ಆಂಟಿ."

"ನಿಮ್ಮದೂ ಅಲ್ಲ, ನಮ್ಮದೂ ಅಲ್ಲ. ಮತ್ಯಾರ ಕನ್ನಡ ಇದು?"

ಹುಬ್ಬಳ್ಳಿಯಲ್ಲಿ ಬಾಗಿಲು ತೆರೆ ಎಂದರೆ ನಗುತ್ತಾರೆ. ಇಲ್ಲಿ ಯಾವ ಕನ್ನಡ ಮಾತಾಡಿದರೂ ಯಾರಿಗೂ ತಿಳಿಯುವುದಿಲ್ಲ.

"ಒಪ್ಪಿಗಿ ಕೊಡ್ತೀರೇನ್ರಿ, ಇಲ್ಲೋ?" ಎಂದೆ.

ಆಂಟಿ ಎರಡೂ ಪದಗಳನ್ನು ಇನ್ನೊಮ್ಮೆ ಗಟ್ಟಿಯಾಗಿ ಓದಿದರು.

"ಕೊಟ್ಟೆ ಕಣಮ್ಮ. ಇನ್ನೇನ್ಮಾಡೋದು, ಇಲ್ಲಿ ಅದನ್ನ ಓದೋರು ನಾವೇ ತಾನೆ."