ಕೆಂಪು ದಾರದ ನಾಲ್ಕು ಸಾಲು

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಆ ವರ್ಷದ ಡೈರಿ ಈಗಲೂ ನನ್ನ ಹತ್ತಿರ ಇದೆ. ಆದರೆ ಎಲ್ಲಕ್ಕಿಂತ ಮುಖ್ಯವಾದ ದಿನದ ಪುಟದಲ್ಲಿ ಬರೆದಿರುವುದು ಇಷ್ಟೇ: ‘ತಲೆನೋವು. ಬೇಗ ಮಲಗಿದೆ.’ ಉಳಿದದ್ದನ್ನೆಲ್ಲ ನೆನಪಿನಿಂದಲೇ ಬರೆಯಬೇಕು. ನೆನಪು ತನಗೆ ಬೇಕಾದಷ್ಟನ್ನೇ ಇಟ್ಟುಕೊಳ್ಳುತ್ತದೆ ಎಂಬುದು ಗೊತ್ತಿರುವುದರಿಂದ ಬರೆಯಲು ಸ್ವಲ್ಪ ಹೆದರಿಕೆಯೂ ಇದೆ.

ಹೋದ ವಾರ ಹಾವೇರಿಯ ಸಂತೆಯಲ್ಲಿ ಒಬ್ಬಳು ಟೊಮೆಟೊ ಮಾರುತ್ತಿದ್ದಳು. ಅವಸರದಲ್ಲಿ ಕಿತ್ತು ತಂದಿದ್ದಳೋ ಏನೋ, ಹಣ್ಣಿನ ಜೊತೆ ಎಲೆ, ಕಡ್ಡಿ ಎಲ್ಲ ಬುಟ್ಟಿಯಲ್ಲಿದ್ದವು. ಆರಿಸುವಾಗ ಒಂದು ಎಲೆ ಬೆರಳಿಗೆ ಸಿಕ್ಕು ಜಜ್ಜಿಹೋಯಿತು. ಟೊಮೆಟೊ ಎಲೆಗೆ ಒಂದು ಕಟು ವಾಸನೆ ಇರುತ್ತದೆ. ಹಣ್ಣಿಗೂ ಅದಕ್ಕೂ ಸಂಬಂಧವೇ ಇಲ್ಲ. ಸೋಪು ಹಚ್ಚಿ ತೊಳೆದರೂ ಬೇಗ ಹೋಗುವುದಿಲ್ಲ. ರಾಣೆಬೆನ್ನೂರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಚಿಗವ್ವನ ಕೈಗೆ, ಸೆರಗಿಗೆ, ಅವರು ತಂದುಕೊಡುತ್ತಿದ್ದ ರೊಟ್ಟಿಯ ಬಟ್ಟೆಗೆ ಕೂಡ ಅದೇ ವಾಸನೆ ಇರುತ್ತಿತ್ತು. ನಾನು ಹಣ್ಣು ತೂಗಿಸುವುದನ್ನು ಮರೆತು ನಿಂತಿದ್ದೆ...

ಆ ಕಡೆ ಚಿಗವ್ವ ಎಂದರೆ ಚಿಕ್ಕಮ್ಮ. ಅವರು ನನ್ನ ಚಿಗವ್ವ ಅಲ್ಲ, ಇಡೀ ಓಣಿಗೆ ಚಿಗವ್ವ. ನಾವು ಆ ಊರಿಗೆ ಬಂದದ್ದು 2004ರ ಬೇಸಿಗೆಯಲ್ಲಿ. ನಾವಿಬ್ಬರೂ ಮೈಸೂರು ಕಡೆಯವರಾದರೂ ಮದುವೆಯಾದ ಮೇಲೆ ಒಂಬತ್ತು ವರ್ಷ ಹರಿಯಾಣದ ಕರ್ನಾಲಿನಲ್ಲಿದ್ದೆವು. ಮಗಳು ಹುಟ್ಟಿದ್ದು ಅಲ್ಲಿಯೇ. ನನ್ನ ಗಂಡನಿಗೆ ಬೀಜದ ಕಂಪನಿಯಲ್ಲಿ ಕೆಲಸ. ರಾಣೆಬೆನ್ನೂರಿನ ಸುತ್ತಲಿನ ಹೊಲಗಳಲ್ಲಿ ತಯಾರಾಗುವ ಹೈಬ್ರಿಡ್ ಬೀಜದ ಉಸ್ತುವಾರಿ ನೋಡಿಕೊಳ್ಳಲು ಅವರನ್ನು ಕಳಿಸಿದ್ದರು. ರೈಲಿನಲ್ಲಿ ಎರಡು ದಿನ. ಏಳು ವರ್ಷದ ಮಗಳ ಅಳು ನಿಲ್ಲಿಸಲು ಅವಳಪ್ಪ ಹೊಸ ಶೂ ಕೊಟ್ಟು ಲೇಸು ಕಟ್ಟುವುದನ್ನು ಕಲಿಸುತ್ತ ಕೂತಿದ್ದರು. ಎರಡು ಕಿವಿ ಮಾಡು, ಒಂದರೊಳಗೆ ಒಂದು ತೂರಿಸು, ಎಳೆ. ಭೋಪಾಲ್ ದಾಟುವಷ್ಟರಲ್ಲಿ ಅವಳಿಗೆ ಬಂದಿತ್ತು. ಅಥವಾ ಇಟಾರ್ಸಿಯೋ ಏನೋ.

ಲಾರಿಯಿಂದ ಸಾಮಾನು ಇಳಿಸಿದ ದಿನ ಚಿಗವ್ವ ಹೇಳದೆ ಕೇಳದೆ ಒಳಗೆ ಬಂದರು. ಕುಳ್ಳಗೆ, ಗಟ್ಟಿಮುಟ್ಟಾಗಿದ್ದರು. ಐವತ್ತೈದು ಇರಬಹುದು. ಕೈಯಲ್ಲಿ ಜೋಳದ ರೊಟ್ಟಿ, ಕಾಳಿನ ಪಲ್ಯ. ಲಾರಿ ಬಂದು ಮೂರು ತಾಸಾಯಿತು, ಇವರ ಮನೆಯಲ್ಲಿ ಇನ್ನೂ ಒಲೆ ಹತ್ತಿಲ್ಲ ಎಂದು ಓಣಿಯೆಲ್ಲ ಲೆಕ್ಕ ಹಾಕುತ್ತಿದೆಯಂತೆ. ಮಗಳು ರೊಟ್ಟಿಯನ್ನು ಅನುಮಾನದಿಂದ ನೋಡಿ, ‘ಯೇ ಕ್ಯಾ ಹೈ?’ ಎಂದಳು.

‘ಕ್ಯಾನೂ ಇಲ್ಲ, ಹೈನೂ ಇಲ್ಲ. ರೊಟ್ಟಿ ಐತಿ, ತಿನ್ನು’ ಎಂದರು ಚಿಗವ್ವ.

ಮಗಳು ತಿಂದಳು. ಆ ಊರಿನಲ್ಲಿ ಬಹಳ ದಿನಗಳವರೆಗೆ ಅವಳು ಮಾತು ಕೇಳಿದ್ದು ಅವರೊಬ್ಬರದನ್ನೇ. ಶಾಲೆಯಲ್ಲಿ ಅವಳ ಕನ್ನಡ ಕೇಳಿ ಮಕ್ಕಳು ನಗುತ್ತಿದ್ದರು. ನನ್ನ ಕನ್ನಡಕ್ಕೂ ಅಂಗಡಿಯವರು ಮುಗುಳ್ನಗುತ್ತಿದ್ದರು, ಆದರೆ ನಾನು ಎಂ.ಎ. ಓದಿದವಳು, ಸಹಿಸಿಕೊಳ್ಳಬಲ್ಲೆ. ಅವಳು ಬೆಳಿಗ್ಗೆ ಹೊಟ್ಟೆನೋವು ಎನ್ನುತ್ತಿದ್ದಳು, ಸಂಜೆ ಕರ್ನಾಲಿನ ಗೆಳತಿಗೆ ಕಾಗದ ಬರೆಯುತ್ತಿದ್ದಳು. ಶ್ರಾವಣದ ಹೊತ್ತಿಗೆ ನನ್ನ ಗಂಡ ಒಂದು ಮಾತು ತೆಗೆದರು. ಮೈಸೂರಿನಲ್ಲಿ ಅವರಕ್ಕನ ಮನೆ ಇದೆ, ಒಳ್ಳೆಯ ಶಾಲೆ ಇದೆ, ಅವಳು ಅಲ್ಲಿದ್ದು ಓದಲಿ. ನಾನು ಇಲ್ಲವೆನ್ನಲಿಲ್ಲ, ಹೂಂ ಎನ್ನಲೂ ಇಲ್ಲ. ಜನವರಿಯವರೆಗೆ ನೋಡೋಣ ಎಂದು ಇಬ್ಬರೂ ಸುಮ್ಮನಾದೆವು. ಇದನ್ನು ನಾನು ಹೇಳಿಕೊಂಡದ್ದು ಚಿಗವ್ವನ ಹತ್ತಿರ ಮಾತ್ರ. ಅವರು ಏನೂ ಸಲಹೆ ಕೊಡಲಿಲ್ಲ. ‘ಕೂಸು ಇಲ್ದ ನಿನಗ ಹೊತ್ತು ಹೋಗತೈತೇನು?’ ಎಂದಷ್ಟೇ ಕೇಳಿದರು.

ಚಿಗವ್ವ ಕ್ರಾಸಿಂಗ್ ಕೆಲಸಕ್ಕೆ ಹೋಗುತ್ತಿದ್ದರು. ಆ ಕೆಲಸ ನೋಡದವರಿಗೆ ಹೇಳಬೇಕು. ಹೈಬ್ರಿಡ್ ಟೊಮೆಟೊ ಬೀಜ ಬೇಕಾದರೆ ಒಂದು ಜಾತಿಯ ಹೂವಿಗೆ ಇನ್ನೊಂದು ಜಾತಿಯ ಪರಾಗ ಕೂಡಿಸಬೇಕು, ಅದೂ ಒಂದೊಂದೇ ಹೂವಿಗೆ, ಕೈಯಿಂದಲೇ. ಹಿಂದಿನ ದಿನ ಮಧ್ಯಾಹ್ನ ಅರಳಲಿರುವ ಮೊಗ್ಗನ್ನು ಹುಡುಕಿ, ಸಣ್ಣ ಚಿಮಟದಿಂದ ಒಳಗಿನ ಹಳದಿ ಕೇಸರವನ್ನು ತೆಗೆದುಹಾಕುತ್ತಾರೆ. ಮರುದಿನ ಬೆಳಿಗ್ಗೆ ಬೆರಳಿಗೆ ಪರಾಗ ತುಂಬಿದ ಉಂಗುರ ಹಾಕಿಕೊಂಡು ಆ ಹೂವಿನ ತುದಿಯನ್ನು ಅದರಲ್ಲಿ ಅದ್ದುತ್ತಾರೆ. ಆಮೇಲೆ ತೊಟ್ಟಿಗೆ ಗುರುತಿಗೊಂದು ಕೆಂಪು ಉಲ್ಲನ್ ದಾರ. ದಾರ ಇರುವ ಹಣ್ಣು ಬೀಜಕ್ಕೆ, ಇಲ್ಲದ್ದು ಕಿತ್ತು ಬಿಸಾಡುವುದಕ್ಕೆ. ಕೇಸರ ತೆಗೆಯದ ಹೂವಿಗೆ ಯಾರಾದರೂ ದಾರ ಕಟ್ಟಿದರೆ ಆ ಹಣ್ಣಿನ ಬೀಜ ಒಳ್ಳೆಯ ಬೀಜದಲ್ಲಿ ಸೇರಿ ಇಡೀ ಹೊಲದ ಬೀಜ ಪರೀಕ್ಷೆಯಲ್ಲಿ ಫೇಲಾಗುತ್ತದೆ.

ಚಿಗವ್ವ ಬ್ಯಾಡಗಿಯವರು. ಮದುವೆಗೆ ಮೊದಲು ಅಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸಿ ಬಿಡಿಸಿ ಅವರ ಬೆರಳು ಹದವಾಗಿತ್ತು ಎಂದು ಹೆಂಗಸರು ಹೇಳುತ್ತಿದ್ದರು. ಅವರು ಕೈಯಾಡಿಸಿದ ಸಾಲಿನಲ್ಲಿ ಒಂದು ಮೊಗ್ಗೂ ತಪ್ಪುತ್ತಿರಲಿಲ್ಲ. ಹಲಗೇರಿ ದಾರಿಯ ಹೊಲದವರು ಅವರನ್ನು ಮೊದಲೇ ಮಾತಾಡಿಸಿ ಇಟ್ಟುಕೊಳ್ಳುತ್ತಿದ್ದರು. ಹೊಸದಾಗಿ ಬಂದವರಿಗೆ ಕಲಿಸುವವರೂ ಅವರೇ. ನನ್ನ ಗಂಡ ಕೂಡ ಮನೆಯಲ್ಲಿ ಅವರ ಕೈಯನ್ನು ಹೊಗಳಿದ್ದುಂಟು. ಅವರು ಯಾರನ್ನೂ ಸುಲಭಕ್ಕೆ ಹೊಗಳುವವರಲ್ಲ.

ನವೆಂಬರಿನಿಂದ ಭಾನುವಾರದ ಬೆಳಿಗ್ಗೆ ಮಗಳು ಚಿಗವ್ವನ ಜೊತೆ ಹೊಲಕ್ಕೆ ಹೋಗತೊಡಗಿದಳು. ಮಕ್ಕಳನ್ನು ಹೊಲದೊಳಗೆ ಬಿಡಬಾರದು ಎಂದು ಕಂಪನಿಯ ನಿಯಮವಿತ್ತು. ಅದನ್ನು ರೈತರಿಗೆ ಒತ್ತಿ ಹೇಳುತ್ತಿದ್ದವರು ನನ್ನ ಗಂಡನೇ. ಅವಳು ಬದುವಿನ ಮೇಲೆ ಕೂತಿರುತ್ತಾಳೆ, ಕೆಲಸ ಮಾಡುವುದಿಲ್ಲವಲ್ಲ ಎಂದು ನಾನು ನನಗೇ ಸಮಾಧಾನ ಹೇಳಿಕೊಂಡೆ. ಅವರಿಗೆ ಹೇಳಲಿಲ್ಲ. ಮಗಳು ಚಿಗವ್ವನ ಮನೆಯಲ್ಲಿ ಆಡುತ್ತಿದ್ದಾಳೆ ಎಂದೆ. ಮೂರೋ ನಾಲ್ಕೋ ವಾರಗಳಲ್ಲಿ ಅವಳ ಬಾಯಲ್ಲಿ ‘ಹೌದಲ್ರಿ’, ‘ಲಗೂ ಬಾ’ ಬರತೊಡಗಿದ್ದವು. ಶಾಲೆಯಲ್ಲಿ ಒಬ್ಬ ಗೆಳತಿಯೂ ಸಿಕ್ಕಿದ್ದಳು. ಅಷ್ಟು ಸಾಕಾಗಿತ್ತು ನನಗೆ.

ಒಂದು ಸೋಮವಾರ ಊಟಕ್ಕೆ ಕೂತಾಗ ನನ್ನ ಗಂಡ ತಟ್ಟೆ ಮುಟ್ಟದೆ ಹೇಳಿದರು. ಚಿಗವ್ವನ ನಾಲ್ಕು ಸಾಲುಗಳಲ್ಲಿ ಕೇಸರ ಇರುವ ಹೂಗಳಿಗೇ ದಾರ ಕಟ್ಟಿದೆ. ಕೆಲವಕ್ಕೆ ಬರೀ ಸುತ್ತಿದೆ, ಕೆಲವಕ್ಕೆ ಎರಡು ಕಿವಿಯ ಗಂಟು. ಯಾವುದು ಸರಿ ಯಾವುದು ತಪ್ಪು ಎಂದು ಹುಡುಕುವಂತೆಯೇ ಇಲ್ಲ. ನಾಲ್ಕೂ ಸಾಲಿನ ಹೂವು ಕಾಯಿ ಎಲ್ಲ ಕೀಳಿಸಿ ಬಂದೆ ಎಂದರು.

‘ಚಿಗವ್ವ ಏನಂದರು?’ ಎಂದು ಕೇಳಿದೆ.

‘ತಾನೇ ಕಟ್ಟಿದ್ದು ಅಂದರು. ಕಣ್ಣು ಮೊದಲಿನ ಹಾಗೆ ಇಲ್ಲವಂತೆ. ನಾಳೆಯಿಂದ ಕ್ರಾಸಿಂಗಿಗೆ ಬೇಡ ಅಂದೆ. ಬೀಜ ತೊಳೆಯೋ ಕಡೆ ಹಾಕಿದ್ದೀನಿ.’

ಮಗಳು ಅನ್ನ ಕಲಸುತ್ತಲೇ ಇದ್ದಳು, ತಿನ್ನುತ್ತಿರಲಿಲ್ಲ.

ಆಮೇಲೆ ಅವಳನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಕೇಳಿದೆ. ಸುಳ್ಳು ಹೇಳಲಿಲ್ಲ. ಹೆಂಗಸರೆಲ್ಲ ಬುತ್ತಿ ಉಣ್ಣುತ್ತಿದ್ದಾಗ ದಾರದ ಕಟ್ಟು ತೆಗೆದುಕೊಂಡು ಸಾಲಿನೊಳಗೆ ಹೋಗಿದ್ದಳು. ‘ಚಿಗವ್ವಗ ಬೆನ್ನು ನೋಯ್ತದಂತ ಅಂದ್ರು. ಅದಕ್ಕೆ ನಾನೇ ಮುಗಿಸಿಬಿಟ್ಟೆ’ ಎಂದಳು.

ಮರುದಿನ ಬೆಳಿಗ್ಗೆ ನಾನು ಚಿಗವ್ವನ ಮನೆಗೆ ಹೋದೆ. ಅವರು ಅಂಗಳ ಗುಡಿಸುತ್ತಿದ್ದರು. ನಮ್ಮವರಿಗೆ ಎಲ್ಲ ಹೇಳಿಬಿಡುತ್ತೇನೆ ಎಂದೆ. ನನ್ನ ದನಿ ಎಷ್ಟು ಗಟ್ಟಿಯಾಗಿತ್ತೋ ಈಗ ಹೇಳಲಾರೆ. ಅವರು ಕಸಬರಿಗೆ ಗೋಡೆಗೆ ಒರಗಿಸಿ ಕಟ್ಟೆಯ ಮೇಲೆ ಕೂತರು.

‘ಹೇಳಿ ಏನು ಮಾಡ್ತಿ ತಂಗಿ? ಕೂಸಿನ್ನ ಮೈಸೂರು ಗಾಡಿ ಹತ್ತಸ್ತಾರ. ಒಮ್ಮೆ ಕಿತ್ತು ತಂದೀರಿ, ಈಗ ಬೇರು ಹಿಡಿಯಾಕತ್ತೈತಿ. ಮತ್ತೊಮ್ಮೆ ಕೀಳಬ್ಯಾಡ್ರಿ.’

‘ನಿಮ್ಮ ಕೆಲಸ?’

‘ಬೀಜ ತೊಳ್ಯಾಕೂ ಕೈನ ಬೇಕಲ್ಲ. ಕಾಲು ಬೇಕೇನು?’

ನಾನು ವಾಪಸ್ ಬಂದೆ. ಹೇಳಲಿಲ್ಲ. ಆವತ್ತಿನ ಪುಟದಲ್ಲೇ ಆ ತಲೆನೋವು ಇರುವುದು.

ಹೀಗೆ ಬರೆದರೆ ಚಿಗವ್ವ ಮಗಳ ತಪ್ಪನ್ನು ಮುಚ್ಚಿಟ್ಟು ಅವಳನ್ನು ಮುದ್ದು ಮಾಡಿದರು ಎಂದು ಅನಿಸಬಹುದು. ಹಾಗಲ್ಲ. ಆ ಸಂಜೆ ಅವರು ಕಿತ್ತುಹಾಕಿದ ಹೂಗಳನ್ನು ಬುಟ್ಟಿ ತುಂಬ ತಂದು ತಮ್ಮ ಪಡಸಾಲೆಯಲ್ಲಿ ಸುರಿದು ಮಗಳನ್ನು ಕರೆದರು. ಒಂದೊಂದನ್ನೂ ಬಿಡಿಸಿ ನೋಡಬೇಕು. ಒಳಗೆ ಹಳದಿ ಇದ್ದರೆ ಈ ಕಡೆ, ಇಲ್ಲದಿದ್ದರೆ ಆ ಕಡೆ. ಅವಳು ದೀಪ ಹಚ್ಚುವ ಹೊತ್ತಿನವರೆಗೆ ಬಿಡಿಸಿದಳು. ಆ ಕಡೆಯ ಗುಡ್ಡೆ, ಅಂದರೆ ಚಿಗವ್ವ ಸರಿಯಾಗಿ ಮಾಡಿದ್ದ ಹೂಗಳದು, ದೊಡ್ಡದಾಗಿತ್ತು. ಅವೂ ಹಾಳಾಗಿದ್ದವು. ಮಗಳು ಅದನ್ನೇ ನೋಡುತ್ತ ಕೂತು, ಕೊನೆಗೆ ಮೆಲ್ಲಗೆ ಕೇಳಿದಳು.

‘ಸಿಟ್ಟು ಬಂತೇನ್ರಿ ಚಿಗವ್ವ?’

‘ಬಂದಿತ್ತವ್ವ. ರೊಟ್ಟಿ ಉಂಡೆ, ಹೋತು.’

ಭಾನುವಾರದ ಹೊಲ ಅಲ್ಲಿಗೆ ನಿಂತಿತು. ಆದರೆ ಭಾನುವಾರಗಳು ನಿಲ್ಲಲಿಲ್ಲ. ಮಗಳು ಅವರ ಪಡಸಾಲೆಯಲ್ಲೇ ಬೆಳೆದಳು.

ಬೀಜ ತೊಳೆಯುವ ಕೆಲಸ ಏನೆಂದು ನಾನು ಆಮೇಲೆ ನೋಡಿದೆ. ಹಣ್ಣಿನ ತಿರುಳನ್ನು ಪೀಪಾಯಿಯಲ್ಲಿ ಕೊಳೆಯಲು ಬಿಡುತ್ತಾರೆ. ಹುಳಿ ನಾತ ಬರುವ ಆ ನೀರಿನಲ್ಲಿ ಮೊಳಕೈವರೆಗೆ ಕೈ ಹಾಕಿ, ಜರಡಿಗೆ ತಿಕ್ಕಿ ತಿಕ್ಕಿ ಬೀಜ ಬೇರೆ ಮಾಡಬೇಕು. ಚಳಿಗಾಲದಲ್ಲಿ ಅವರ ಬೆರಳ ಸಂದಿ ಒಡೆದು ರಕ್ತ ಬರುತ್ತಿತ್ತು. ನಾನು ಮುಲಾಮು ಕೊಟ್ಟರೆ ಹಚ್ಚಿಕೊಳ್ಳುತ್ತಿದ್ದರು, ಆದರೆ ಕೈಯ ಬಗ್ಗೆ ಒಂದು ಮಾತೂ ಆಡುತ್ತಿರಲಿಲ್ಲ. ಕ್ರಾಸಿಂಗಿನ ಹೆಂಗಸರ ಟೆಂಪೊ ಬೆಳಿಗ್ಗೆ ಬೇಗ ಓಣಿಯ ತುದಿಗೆ ಬರುತ್ತಿತ್ತು. ಮೊದಲ ಕೆಲವು ದಿನ ಚಿಗವ್ವ ಆ ಹೊತ್ತಿಗೆ ಬಾಗಿಲಲ್ಲಿ ನಿಂತಿರುತ್ತಿದ್ದರು. ಯಾರೋ ಟೆಂಪೊದಿಂದ, ‘ಚಿಗವ್ವ, ಚಸ್ಮಾ ಹಾಕ್ಕೊಂಡು ಬಾರಬೇ, ಜಾಗಾ ಐತಿ’ ಎಂದು ಚೇಷ್ಟೆ ಮಾಡಿದರೆ, ‘ಚಸ್ಮಾ ಹಾಕಿದ್ರ ನಿಮ್ಮ ಮಾರಿ ನೆಟ್ಟಗ ಕಾಣತಾವು. ಯಾಕ ಬೇಕವ್ವ ನನಗ’ ಎಂದು ನಗುತ್ತಿದ್ದರು. ಕೆಲವು ದಿನಗಳ ನಂತರ ನಿಲ್ಲುವುದನ್ನು ಬಿಟ್ಟರು.

ಅದೇ ಚಳಿಗಾಲದಲ್ಲಿ ಒಮ್ಮೆ ನಾನು ಮಗಳ ಲಂಗಕ್ಕೆ ಹೊಲಿಗೆ ಹಾಕಲು ಹೋಗಿ ಮಬ್ಬು ಬೆಳಕಿನಲ್ಲಿ ಸೂಜಿಗೆ ದಾರ ಪೋಣಿಸಲಾರದೆ ಒದ್ದಾಡುತ್ತಿದ್ದೆ. ಚಿಗವ್ವ ಕೈ ಚಾಚಿ ಇಸಿದುಕೊಂಡು ಒಂದೇ ಸಲಕ್ಕೆ ಪೋಣಿಸಿ ಕೊಟ್ಟರು. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ.

ನಾನು ಯಾರಿಗಾಗಿ ಸುಮ್ಮನಿದ್ದೆ? ಮಗಳಿಗಾಗಿ ಎಂದು ಬಹಳ ವರ್ಷ ನಂಬಿದ್ದೆ. ಚಿಗವ್ವನೇ ಬೇಡವೆಂದರಲ್ಲ ಎಂದೂ ಹೇಳಿಕೊಂಡೆ. ಆದರೆ ಅಧಿಕಾರಿಯ ಮಗಳೇ ಹೊಲದೊಳಗೆ ಹೋಗಿದ್ದಳು ಎಂದು ಗೊತ್ತಾದರೆ ನನ್ನ ಗಂಡನ ಹೆಸರು ಏನಾಗುತ್ತದೆ, ಅವಳನ್ನು ಬಿಟ್ಟ ನನ್ನನ್ನು ಅವರು ಏನೆನ್ನುತ್ತಾರೆ ಎಂಬ ಹೆದರಿಕೆಯೂ ಇತ್ತು. ಆ ಹೆದರಿಕೆ ಎಷ್ಟು ಪಾಲು, ಪ್ರೀತಿ ಎಷ್ಟು ಪಾಲು, ಈಗ ಬಿಡಿಸಿ ನೋಡಲು ಬರುವುದಿಲ್ಲ. ಚಿಗವ್ವನಲ್ಲಿ ಇಂಥ ಗೊಂದಲವೇ ಇರಲಿಲ್ಲ. ತನಗೆ ಅತ್ಯಂತ ಹೆಮ್ಮೆಯಾಗಿದ್ದ ಒಂದನ್ನು ಕೊಟ್ಟರು, ಕೊಟ್ಟೆ ಎಂದು ತೋರಿಸಿಕೊಳ್ಳಲಿಲ್ಲ. ಓದಿದ ಪುಸ್ತಕಗಳಲ್ಲಿ ನಾನು ದೊಡ್ಡವರ ತ್ಯಾಗಗಳನ್ನು ಕಂಡಿದ್ದೇನೆ. ಅವು ಯಾವುವೂ ನನ್ನ ಪಕ್ಕದ ಮನೆಯಲ್ಲಿ ಕಸ ಗುಡಿಸುತ್ತಿರಲಿಲ್ಲ.

2008ರಲ್ಲಿ ನಾವು ಹಾವೇರಿಗೆ ಬಂದೆವು. ದೂರವೇನಲ್ಲ, ಬಸ್ಸಿನಲ್ಲಿ ಒಂದು ತಾಸಿನ ದಾರಿ. ಆದರೂ ಹೋಗುವುದು ಕಡಿಮೆಯಾಯಿತು... ಅವರು ತೀರಿಕೊಂಡ ಸುದ್ದಿ ನಮಗೆ ಮುಟ್ಟಿದ್ದು ಮಣ್ಣು ಮಾಡಿದ ಮೂರು ದಿನಕ್ಕೆ. ಮಗಳು ಆಗ ಕಾಲೇಜಿನಲ್ಲಿದ್ದಳು. ಅವಳೂ ನಾನೂ ಹೋದೆವು. ಪಡಸಾಲೆಯಲ್ಲಿ ಜಮಖಾನೆ ಹಾಸಿದ್ದರು, ಟೆಂಪೊದ ಹೆಂಗಸರು ಕೂತಿದ್ದರು. ಅವರಲ್ಲೊಬ್ಬಳು, ಎಂಥಾ ಕೈ ಅದು, ಕಣ್ಣು ಹೋಗದಿದ್ದರೆ ಇನ್ನೂ ಹತ್ತು ವರ್ಷ ಕ್ರಾಸಿಂಗ್ ಮಾಡುತ್ತಿದ್ದರು ಎಂದಳು. ಮಗಳು ನನ್ನ ಮುಖ ನೋಡಿದಳು. ಹೇಳುವುದಿದ್ದರೆ ಅದೇ ಹೊತ್ತು. ಮಗಳೇ ಹೇಳಿದಳು, ಎಲ್ಲರ ಎದುರಿಗೆ, ಅವರದೇ ಮಾತಿನಲ್ಲಿ: ‘ಅವರ ಕಣ್ಣು ನೆಟ್ಟಗಿದ್ದುವ್ರಿ. ದಾರ ಕಟ್ಟಿದಾಕಿ ನಾನು.’ ಆಮೇಲೆ ಆ ಹೆಂಗಸು ಅವಳನ್ನು ಹತ್ತಿರ ಕರೆದು ಕೂರಿಸಿಕೊಂಡಳು.

ಮಗಳು ಈಗ ಧಾರವಾಡದಲ್ಲಿ ಕನ್ನಡ ಪಾಠ ಮಾಡುತ್ತಾಳೆ. ಅವಳು ಮೈಸೂರಿಗೆ ಹೋಗಲೇ ಇಲ್ಲ. ಇದನ್ನು ಬರೆಯಲು ಕೂತಾಗಲೇ ನನಗೆ ಹೊಳೆದದ್ದು: ನಾಲ್ಕು ಸಾಲು ಕೀಳಿಸಿದ ಆ ಸೋಮವಾರದ ನಂತರ ನನ್ನ ಗಂಡ ಮೈಸೂರಿನ ಮಾತನ್ನು ಒಮ್ಮೆಯೂ ಎತ್ತಲಿಲ್ಲ. ಜನವರಿ ಬಂತು, ಹೋಯಿತು. ನಾನೂ ಎತ್ತಲಿಲ್ಲ. ರೈಲಿನಲ್ಲಿ ತಾವೇ ಕಲಿಸಿದ್ದ ಆ ಎರಡು ಕಿವಿಯ ಗಂಟುಗಳನ್ನು ಅವರು ಕೈಯಲ್ಲಿ ಹಿಡಿದು ನೋಡಿದ್ದರು.

ಅವರು ನಿವೃತ್ತರಾಗಿ ಎರಡು ವರ್ಷವಾಯಿತು. ಒಂದು ಬೆಳಿಗ್ಗೆ ಚಹಾ ಕೊಟ್ಟು ಎದುರಿಗೆ ಕೂತು ಕೇಳಿದೆ. ಅವರು ಲೋಟ ಕೆಳಗಿಟ್ಟರು, ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿದರು, ಎದ್ದು ಹೋಗಿ ನಲ್ಲಿ ನೀರು ಬಂತೇ ನೋಡಿದರು. ವಾಪಸ್ ಬಂದು ಕೂತರು. ಇವತ್ತಿಗೆ ಆರು ದಿನ. ಬೇರೆಲ್ಲ ಮಾತಾಡುತ್ತಾರೆ. ನಾನು ಕೇಳಿದ್ದು ಇಷ್ಟೇ:

‘ಗೊತ್ತಿದ್ದೂ ಚಿಗವ್ವನ ಕೈಯಿಂದ ಆ ಕೆಲಸ ಕಿತ್ತುಕೊಂಡಿರಾ?’